ಮುಟ್ಟಿ ನೋಡ್ರಿ, ಆಮೇಲೆ ಚೀಟಿ ಬರೀರಿ



ಹಾಸ್ಟೆಲಿನ ಹುಡುಗನ ಬೆರಳ ಸಂದಿಯಲ್ಲಿ ತುರಿ ಎದ್ದರೆ ಮೊದಲು ಬೀಳುವ ಮಾತು: 'ಜಳಕಾ ಮಾಡಂಗಿಲ್ಲೇನಲೇ?' ಕೇರಿಯ ತಾಯಿಯೊಬ್ಬಳ ತೋಳಿನ ಮೇಲೆ ಮಚ್ಚೆ ಕಂಡರೆ: 'ಹಿಂದಿನ ಜನ್ಮದ್ದು, ಉಣ್ಣಬೇಕು.' ಸಕ್ಕರೆ ಕಾಯಿಲೆ ಬಂದ ಸಾಹುಕಾರನಿಗೆ ಯಾರೂ ಹೀಗೆ ಅನ್ನುವುದಿಲ್ಲ. ಚರ್ಮದ ರೋಗ ಬಂದ ಬಡವನನ್ನು ಈ ಸಮಾಜ ಮೊದಲು ಅಪರಾಧಿ ಮಾಡಿ, ಆಮೇಲೆ ಬೇಕಾದರೆ ರೋಗಿ ಅನ್ನುತ್ತದೆ. ಸಾವಿರಾರು ವರ್ಷ ನಮ್ಮ ಮೈಯನ್ನೇ ಮೈಲಿಗೆ ಎಂದ ಬಾಯಿ ಇದು. ತುರಿ, ಮಚ್ಚೆ ಅದಕ್ಕೊಂದು ನೆಪ.

ಸತ್ಯ ಏನು? ತುರಿಕಜ್ಜಿ ಬರುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ. ಅದು ಚರ್ಮದೊಳಗೆ ಬಿಲ ತೋಡಿ ಮೊಟ್ಟೆ ಇಡುತ್ತದೆ. ಮೈಗೆ ಮೈ ತಾಗಿ ಮಲಗಿದಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ದಿನಾ ಸೋಪು ಹಚ್ಚುವವನಿಗೂ ಬರುತ್ತದೆ. ಅದು ಜಾತಿ ಕೇಳಿ ಬರುವುದಿಲ್ಲ, ಖೋಲಿಯ ಅಳತೆ ಕೇಳಿ ಬರುತ್ತದೆ. ಒಂದು ಚಾದರದಡಿ ಇಬ್ಬರು ಮಲಗುವ ಹಾಸ್ಟೆಲಿನಲ್ಲಿ, ಇಡೀ ಸಂಸಾರ ಒಂದೇ ಖೋಲಿಯಲ್ಲಿ ಮಲಗುವ ಜನತಾ ಮನೆಯಲ್ಲಿ ಅದಕ್ಕೆ ಹಬ್ಬ. ಹಾಗಾದರೆ ಕೊಳಕು ಯಾರದು? ನಮ್ಮದೋ, ನಮಗೆ ಇಷ್ಟೇ ಜಾಗ ಸಾಕು ಎಂದವರದೋ?

ಇದು ಸಣ್ಣ ರೋಗ ಎಂದು ನಗುವವರು ಕೇಳಲಿ. ಕೆರೆದ ಗಾಯದಲ್ಲಿ ಕೀವು ತುಂಬುತ್ತದೆ. ಆ ಕೀವಿನ ರೋಗಾಣುವಿನಿಂದ ಕೆಲವು ಮಕ್ಕಳ ಕಿಡ್ನಿ ಕೆಟ್ಟು, ಮುಖ ಕಾಲು ಬಾತು, ಆಸ್ಪತ್ರೆಯ ಹಾಸಿಗೆ ಹಿಡಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ತುರಿಕಜ್ಜಿಯನ್ನು ಜಗತ್ತು ಅಲಕ್ಷ್ಯ ಮಾಡಿದ ರೋಗಗಳ ಪಟ್ಟಿಗೆ ಸೇರಿಸಿತು.

ಮದ್ದು ಇದೆ. ಪರ್ಮೆಥ್ರಿನ್ ಎಂಬ ಶೇಕಡಾ 5ರ ಮಲಾಮನ್ನು ಕುತ್ತಿಗೆಯಿಂದ ಅಂಗಾಲಿನತನಕ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ಒಂದು ವಾರ ಬಿಟ್ಟು ಮತ್ತೊಮ್ಮೆ ಹಚ್ಚಬೇಕು. ಆದರೆ ಒಬ್ಬನೇ ಹಚ್ಚಿದರೆ ಸಾಲದು. ತುರಿ ಇದ್ದವರು, ಇಲ್ಲದವರು, ಖೋಲಿಯವರೆಲ್ಲ ಒಂದೇ ರಾತ್ರಿ ಹಚ್ಚಬೇಕು. ಹಾಸಿಗೆ ಅರಿವೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಇದನ್ನು ಬಿಟ್ಟು ಒಬ್ಬ ಹುಡುಗನನ್ನು ಊರಿಗೆ ಅಟ್ಟಿದರೆ ನುಸಿ ಹಾಸ್ಟೆಲಿನಲ್ಲೂ ಉಳಿಯುತ್ತದೆ, ಅವನ ಮನೆಗೂ ಹೋಗುತ್ತದೆ. ಹೋಗುವುದು ಹುಡುಗನ ಪರೀಕ್ಷೆ ಮಾತ್ರ. ಇನ್ನೊಂದು ಎಚ್ಚರ: ಔಷಧ ಅಂಗಡಿಯವನು ಕೊಟ್ಟ ಸ್ಟೆರಾಯ್ಡ್ ಮಲಾಮು ಹಚ್ಚಬೇಡಿರಿ. ಎರಡು ದಿನ ತುರಿಕೆ ಅಡಗುತ್ತದೆ, ಒಳಗೆ ರೋಗ ಬೆಳೆಯುತ್ತದೆ. ಇಂಥ ಮಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲೇ ಹೇಳಿದೆ.

ಇನ್ನು ದೊಡ್ಡ ರೋಗದ ಮಾತು. ಹೆಸರು ಹೇಳಲೂ ಅಂಜಿ ನಮ್ಮ ಜನ ಮಹಾರೋಗ ಅನ್ನುವ ಕುಷ್ಠ. ನಾರ್ವೆ ದೇಶದ ಹ್ಯಾನ್ಸನ್ 1873ರಲ್ಲಿ ಇದರ ರೋಗಾಣು ಕಂಡುಹಿಡಿದಾಗಲೇ ಪಾಪದ ಕಥೆ ಸಾಯಬೇಕಿತ್ತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧ ಕೂಡಿಸಿ ಕೊಡುವ ಚಿಕಿತ್ಸೆ ಹೇಳಿತು. ಆರು ತಿಂಗಳು, ಇಲ್ಲವೇ ಒಂದು ವರ್ಷ ಗುಳಿಗೆ ನುಂಗಿದರೆ ವಾಸಿ. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. 2005ರ ಕೊನೆಗೆ, ಹತ್ತು ಸಾವಿರಕ್ಕೆ ಒಬ್ಬ ರೋಗಿಗಿಂತ ಕಡಿಮೆ ಎಂದು ಲೆಕ್ಕ ತೋರಿಸಿ ದೇಶ 'ನಿರ್ಮೂಲನೆ' ಸಾರಿತು. ರೋಗ ಆ ಸಾರುವಿಕೆ ಕೇಳಲಿಲ್ಲ. 2023ರಲ್ಲೂ ಭಾರತದಲ್ಲಿ ಒಂದು ಲಕ್ಷಕ್ಕೆ ಮೀರಿ ಹೊಸ ರೋಗಿಗಳು, ಜಗತ್ತಿನ ಅರ್ಧಕ್ಕಿಂತ ಹೆಚ್ಚು.

ಈ ರೋಗವನ್ನು ದೂರ ನಿಂತು ಹಿಡಿಯಲು ಬರುವುದಿಲ್ಲ. ತಿಳಿಬಿಳಿ ಇಲ್ಲವೇ ತಾಮ್ರದ ಬಣ್ಣದ ಮಚ್ಚೆಗೆ ಸ್ಪರ್ಶ ತಿಳಿಯುತ್ತದೋ ಇಲ್ಲವೋ ಮುಟ್ಟಿ ನೋಡಬೇಕು. ಮೊಣಕೈ ಹಿಂದಿನ ನರ ದಪ್ಪಗಾಗಿದೆಯೋ ಬೆರಳಿಟ್ಟು ನೋಡಬೇಕು. ಮೇಜಿನ ಆಚೆಯಿಂದಲೇ 'ಅಲರ್ಜಿ' ಎಂದು ಚೀಟಿ ಬರೆದರೆ ತಿಂಗಳುಗಳು ಹೋಗುತ್ತವೆ, ನರ ಸಾಯುತ್ತದೆ, ಬೆರಳು ಮಡಚಿಕೊಳ್ಳುತ್ತವೆ. ಗುಳಿಗೆ ರೋಗಾಣುವನ್ನು ಕೊಲ್ಲುತ್ತದೆ, ಸತ್ತ ನರವನ್ನು ಬದುಕಿಸುವುದಿಲ್ಲ. ವೈದ್ಯನ ಕೈ ಹಿಂಜರಿದರೆ ರೋಗಿಯ ಕೈ ಹೋಗುತ್ತದೆ. ಅಸ್ಪೃಶ್ಯತೆ ಎಂದರೆ ಇಲ್ಲಿ ಇದು.

ಹೊಂಬಳದ ಒಬ್ಬ ಕೂಲಿ ಹೆಣ್ಣುಮಗಳ ಲೆಕ್ಕ ಹಾಕಿರಿ. ಚರ್ಮದ ವೈದ್ಯರನ್ನು ಕಾಣಬೇಕಾದರೆ ಗದಗಿನ ಬಸ್ಸು ಹತ್ತಬೇಕು. ಗದಗ 1997ರಲ್ಲಿ ಜಿಲ್ಲೆಯಾಯಿತು, 2015ರಲ್ಲಿ ವೈದ್ಯಕೀಯ ಕಾಲೇಜು ಬಂತು. ಎಲ್ಲದಕ್ಕೂ ಹುಬ್ಬಳ್ಳಿಗೆ ಓಡುವುದು ಕಡಿಮೆಯಾಯಿತು, ಒಳ್ಳೇದೇ. ಆದರೆ ಕಳೆ ತೆಗೆಯುವ ದಿನ, ಮೆಣಸಿನಕಾಯಿ ಬಿಡಿಸುವ ದಿನ ಆಸ್ಪತ್ರೆಯ ಪಾಳಿಯಲ್ಲಿ ನಿಂತರೆ ಆ ದಿನದ ಕೂಲಿ ಹೋಯಿತು. ಜೊತೆಗೆ ಬಂದವನದೂ ಹೋಯಿತು. ಇವತ್ತು ಚೀಟಿ, ನಾಳೆ ಪರೀಕ್ಷೆ, ನಾಡಿದ್ದು ಬರ್ರಿ! ಪುಕ್ಕಟೆ ಗುಳಿಗೆಗೆ ಮೂರು ದಿನದ ಕೂಲಿ ಬೆಲೆ. ಮೇಲೆ ಊರಿಗೆ ಗೊತ್ತಾದರೆ ಕೆಲಸಕ್ಕೆ ಕರೆಯುವವರಿಲ್ಲ ಎಂಬ ಅಂಜಿಕೆ. 'ನೋಯಂಗಿಲ್ಲ, ಬಿಡ್ರಿ' ಎಂದು ಆಕೆ ಸುಮ್ಮನಾಗುತ್ತಾಳೆ. ನೋಯದಿರುವುದೇ ಈ ರೋಗದ ಮೋಸ.

ಕಾನೂನೂ ಇದೇ ದಾರಿ ಹಿಡಿದಿತ್ತು. 1898ರ ಕಾಯಿದೆ 'ನಿರ್ಗತಿಕ' ಕುಷ್ಠರೋಗಿಯನ್ನು ವಾರಂಟಿಲ್ಲದೆ ಹಿಡಿಯಲು ಪೊಲೀಸರಿಗೆ ಬಿಟ್ಟಿತ್ತು. ಉಳ್ಳವನನ್ನು ಹೀಗೆ ಹಿಡಿಯುವಂತಿರಲಿಲ್ಲ! ಅದು ರದ್ದಾದದ್ದು 2016ರಲ್ಲಿ. ಕುಷ್ಠದ ಕಾರಣಕ್ಕೆ ವಿಚ್ಛೇದನ ಕೊಡುವ ಮಾತು ಕಾನೂನಿನಿಂದ ಹೋದದ್ದು 2019ರಲ್ಲಿ. ಪುಸ್ತಕದಿಂದ ಹೋದದ್ದು ಮನಸ್ಸಿನಿಂದ ಹೋಗಿಲ್ಲ.

ನಮ್ಮ ಒತ್ತಾಯ ಇಷ್ಟು:

1. ಪ್ರತಿ ಹಾಸ್ಟೆಲಿನಲ್ಲಿ ಮೂರು ತಿಂಗಳಿಗೊಮ್ಮೆ ಚರ್ಮ ತಪಾಸಣೆ ಆಗಬೇಕು. ತುರಿ ಕಂಡರೆ ಎಲ್ಲರಿಗೂ ಒಂದೇ ರಾತ್ರಿ ಮದ್ದು, ಖರ್ಚು ಇಲಾಖೆಯದು. ಯಾರನ್ನೂ ಊರಿಗೆ ಕಳಿಸಕೂಡದು.

2. ಚರ್ಮದ ವೈದ್ಯರು ಗೊತ್ತಾದ ದಿನ ಹಳ್ಳಿಗೇ ಬರಬೇಕು. ಪರೀಕ್ಷೆ, ಗುಳಿಗೆ ಅದೇ ದಿನ ಆಗಬೇಕು.

3. ಕುಷ್ಠ ವಾಸಿಯಾದವರೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿದ್ದಾರೆ. ಕೈಕಾಲು ಊನವಾದವರಿಗೆ ಅಲೆದಾಡಿಸದೆ ಪ್ರಮಾಣಪತ್ರ, ಮಾಸಾಶನ ಕೊಡಬೇಕು.

ಮನವಿ ಬರೆದು ಕೊಟ್ಟರೆ ನಮ್ಮ ಕೆಲಸ ಮುಗಿಯಲಿಲ್ಲ. ರಜೆಗೆ ಊರಿಗೆ ಹೋದಾಗ ಅವ್ವ, ಅಪ್ಪ, ಅಜ್ಜಿಯ ಮೈಮೇಲೆ ಜೋಮು ಹಿಡಿದ ಮಚ್ಚೆ ಇದೆಯೇ ಕೇಳಿರಿ. ಇದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿರಿ, ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಮುಟ್ಟದೆ ಬರೆಯಹೊರಟರೆ 'ಮುಟ್ಟಿ ನೋಡ್ರಿ ಸಾಹೇಬ್ರ' ಎಂದು ಕೇಳಿರಿ. ಓದು ಕಲಿತದ್ದು ಅಷ್ಟಕ್ಕಾದರೂ ಬರಲಿ.

ಹಾಸ್ಟೆಲಿನೊಳಗೂ ಇದೇ ಮಾತು. ತುರಿ ಬಂದ ಗೆಳೆಯನ ತಾಟನ್ನು ನಾವೇ ಬೇರೆ ಇಟ್ಟರೆ, ಚಹಾದಂಗಡಿಯ ಬೇರೆ ಕಪ್ಪಿನ ವಿರುದ್ಧ ಯಾವ ಬಾಯಿಂದ ಮಾತಾಡುವುದು?

ಜೈ ಭೀಮ್.