ಕೊಳವೆಯ ಕೀಲಿನಲ್ಲಿ ಸಿಕ್ಕಿಕೊಂಡ ಪೇಟೆಂಟ್

ಎಣ್ಣೆಬಾವಿ ಕೊರೆಯುವ ಉಕ್ಕಿನ ಕೊಳವೆಯ ಉದ್ದ ಸಾಮಾನ್ಯವಾಗಿ 30 ಅಡಿ. ಮೂರು ಕಿಲೋಮೀಟರ್ ಆಳಕ್ಕಿಳಿದರೆ ಮುನ್ನೂರಕ್ಕೂ ಹೆಚ್ಚು ಕೀಲುಗಳು. ತಳದ ಒತ್ತಡ, ಶಾಖ, ಬಂಡೆಯ ಗುಣಗಳನ್ನು ಮೇಲಕ್ಕೆ ತಿಳಿಸಲು ಬಹುಕಾಲ ಇದ್ದ ದಾರಿ ಕೊರೆತದ ಕೆಸರಿನಲ್ಲೇ ಒತ್ತಡದ ಮಿಡಿತ ಕಳಿಸುವುದು. ವೇಗ ಸೆಕೆಂಡಿಗೆ ಕೆಲವೇ ಬಿಟ್. ತಂತಿ ಎಳೆಯೋಣವೆಂದರೆ ಪ್ರತಿ ಕೀಲಿನಲ್ಲೂ ಕೆಸರು, ಗ್ರೀಸು, ಉಪ್ಪುನೀರು ಸೇರಿ ಲೋಹದ ಸಂಪರ್ಕ ಕೆಡುತ್ತದೆ. ವಿದ್ಯುತ್ಕಾಂತೀಯ ಕಪ್ಲರ್ ಈ ಸಂಪರ್ಕವನ್ನೇ ಕೈಬಿಟ್ಟಿತು: ಕೀಲಿನ ಎರಡೂ ಮುಖಗಳ ತೋಡಿನಲ್ಲಿ ಉಂಗುರದಂಥ ಸುರುಳಿ, ಸುತ್ತ ಕಾಂತೀಯ ತಿರುಳು, ಒಂದರಲ್ಲಿ ಹರಿವ ಪರ್ಯಾಯ ವಿದ್ಯುತ್ತು ಎದುರಿನದರಲ್ಲಿ ತಾನಾಗಿ ಪ್ರವಾಹ ಹುಟ್ಟಿಸುತ್ತದೆ. ಅಮೆರಿಕದ ಇಂಟೆಲಿಸರ್ವ್ ಜಾಲ ಹೀಗೆ ಸೆಕೆಂಡಿಗೆ 57,000 ಬಿಟ್ ಮುಟ್ಟಿತು. ಇಂಥ ಕಪ್ಲರಿನ ಪೇಟೆಂಟ್ ಮೇಲ್ಮನವಿಗೆ ಬಂದರೆ ಎದುರಾಳಿಯ ವಾದ ಊಹಿಸಬಹುದು: ಈ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಫ್ಯಾರಡೆ 1831ರಲ್ಲೇ ಕಂಡುಹಿಡಿದ, ಸುರುಳಿ ಹಳೆಯದು, ಕೀಲಿನ ತಿರುಪು ಇನ್ನೂ ಹಳೆಯದು. ಗೊತ್ತಿದ್ದ ಭಾಗಗಳನ್ನು ಜೋಡಿಸಿ ನಿರೀಕ್ಷಿತ ಫಲವನ್ನಷ್ಟೇ ಪಡೆದರೆ ಅದು ಆವಿಷ್ಕಾರವಾಗಲಾರದು ಎಂಬ, ಅಮೆರಿಕದ ಸುಪ್ರೀಂ ಕೋರ್ಟಿನ 2007ರ ಕೆಎಸ್‌ಆರ್ ತೀರ್ಪೂ ಅವರ ಕೈಯಲ್ಲಿದೆ. ಆದರೆ ಅದೇ ಕೋರ್ಟ್ 1966ರ ಗ್ರಹಾಂ ಮೊಕದ್ದಮೆಯಲ್ಲಿ, ಬಹುಕಾಲ ಬಗೆಹರಿಯದ ಅಗತ್ಯವನ್ನೂ ಇತರರ ಸೋಲನ್ನೂ ಗಮನಿಸಬಹುದೆಂದು ಹೇಳಿತ್ತು. ನನಗೆ ಈ ಮಾತೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ತತ್ವ ಸುಲಭ, ಟನ್ನುಗಟ್ಟಲೆ ಭಾರ ಹೊತ್ತು ತಿರುಗುವ ಕೀಲಿನಲ್ಲಿ ಸುರುಳಿಯನ್ನು ಉಳಿಸುವುದು ಸುಲಭವಲ್ಲ. ಹಾಗೆಂದು ಪ್ರೇರಣೆಯ ತತ್ವಕ್ಕೇ ಬೇಲಿ ಹಾಕುವಷ್ಟು ಅಗಲವಾದ ಹಕ್ಕನ್ನು ಯಾರಿಗೂ ಕೊಡಬಾರದು. ತೋಡು, ತಿರುಳು, ಜೋಡಣೆಯ ನಿಖರ ವಿನ್ಯಾಸಕ್ಕೆ ಅರ್ಜಿಯ ದಿನದಿಂದ 20 ವರ್ಷದ ರಕ್ಷಣೆ ಸಾಕು.