ಕಬಡ್ಡಿ ಹರಾಜು: ಕೋಟಿಯ ಕೂಗಿನಾಚೆ ನಮ್ಮ ಕಾಲೇಜು ಹುಡುಗರು

ಪ್ರೊ ಕಬಡ್ಡಿ ಲೀಗಿನ ಹನ್ನೆರಡನೆಯ ಆವೃತ್ತಿಗೆ ಆಟಗಾರರ ಹರಾಜು 2025ರ ಮೇ 31 ಮತ್ತು ಜೂನ್ 1ರಂದು ಮುಂಬಯಿಯಲ್ಲಿ ನಡೆಯಿತು. ಹನ್ನೆರಡು ತಂಡಗಳು, ಐನೂರಕ್ಕೂ ಮಿಕ್ಕಿದ ಆಟಗಾರರು, ತಂಡವೊಂದಕ್ಕೆ 5 ಕೋಟಿ ರೂಪಾಯಿಗಳ ವೆಚ್ಚದ ಮಿತಿ ಇತ್ತು. ಯಾರಿಗೆ ಎರಡು ಕೋಟಿ ದಾಟುತ್ತದೆ ಎಂಬ ಲೆಕ್ಕಾಚಾರ ಮೊದಲೇ ಆರಂಭವಾಗಿತ್ತು. ಅನ್ನೂರು ಮತ್ತು ಸುತ್ತಲಿನ ಗ್ರಾಮಗಳ ಕನ್ನಡ ಮನೆಗಳಲ್ಲಿ ಈ ಹರಾಜನ್ನು ನೋಡುವವರು ಸಾಮಾನ್ಯವಾಗಿ ಎರಡು ತಂಡಗಳನ್ನು ಕಣ್ಣಿಟ್ಟು ನೋಡುತ್ತಾರೆ: ನಾವು ಬದುಕುವ ನಾಡಿನ ಹೆಸರು ಹೊತ್ತ ತಮಿಳ್ ತಲೈವಾಸ್ ಮತ್ತು ನಮ್ಮ ಮಾತಿನ ನಾಡಿನ ರಾಜಧಾನಿಯ ಹೆಸರು ಹೊತ್ತ ಬೆಂಗಳೂರು ಬುಲ್ಸ್. ಈ ಎರಡೂ ತಂಡಗಳ ಆ ಹರಾಜಿಗೆ ಮುನ್ನಿನ ಕೆಲವು ವರ್ಷಗಳ ಕಥೆ, ಕೊಯಮತ್ತೂರಿನ ಕಾಲೇಜುಗಳಲ್ಲಿ ಓದುತ್ತಾ ಕಬಡ್ಡಿ ಆಡುತ್ತಿರುವ ನಮ್ಮ ಹುಡುಗರಿಗೆ ಒಂದು ಪಾಠವನ್ನು ಹೇಳುತ್ತದೆ. ಅದನ್ನು ಗಮನಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮೊದಲಿಗೆ ಪದ್ಧತಿಯ ಮಾತು. ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಹರಾಜಿಲ್ಲ, 'ಡ್ರಾಫ್ಟ್' ಎಂಬ ಸರದಿ ಆಯ್ಕೆ ಇದೆ. ಹಿಂದಿನ ವರ್ಷ ಕಡೆಯ ಸ್ಥಾನದಲ್ಲಿದ್ದ ತಂಡಕ್ಕೆ ಕಾಲೇಜು ಆಟಗಾರರಲ್ಲಿ ಮೊದಲ ಆಯ್ಕೆಯ ಹಕ್ಕು. 2025ರ ಏಪ್ರಿಲ್ 24ರಿಂದ 26ರವರೆಗೆ ಗ್ರೀನ್ ಬೇ ನಗರದಲ್ಲಿ ಏಳು ಸುತ್ತುಗಳಲ್ಲಿ 257 ಯುವಕರನ್ನು ಹೀಗೆ ಆರಿಸಲಾಯಿತು. 1936ರಲ್ಲಿ ಈ ಪದ್ಧತಿ ಆರಂಭವಾದಾಗ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೇ ಬರ್ವಾಂಗರ್ ವೃತ್ತಿಪರ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಸಂಬಳದ ಮಾತು ಕುದುರದೆ ಅವರು ಬೇರೆ ಉದ್ಯೋಗ ಹಿಡಿದರು. ನಮ್ಮ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನಲ್ಲಿಯೂ 2017ರ ಜುಲೈಯಲ್ಲಿ ಇಂತಹ ಸರದಿ ಆಯ್ಕೆ ನಡೆದಿತ್ತು. ಕಬಡ್ಡಿ ಮಾತ್ರ 2014ರಿಂದಲೂ ಹರಾಜಿನ ಹಾದಿ ಹಿಡಿದಿದೆ. ಇಲ್ಲಿ ಸೋತ ತಂಡಕ್ಕೆ ಮೊದಲ ಆಯ್ಕೆಯಿಲ್ಲ. ಎಲ್ಲರಿಗೂ ಒಂದೇ ಗಾತ್ರದ ಥೈಲಿ. ಅದನ್ನು ಹೇಗೆ ಬಿಚ್ಚಬೇಕೆಂಬ ವಿವೇಕವೇ ತಂಡದ ತಂತ್ರ.

ಆಟಗಾರರನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಲ್ಲಿ ಹರಾಜಿಗಿಡಲಾಗುತ್ತದೆ. 2025ರಲ್ಲಿ ಮೂಲಬೆಲೆ ಕ್ರಮವಾಗಿ 30 ಲಕ್ಷ, 20 ಲಕ್ಷ, 13 ಲಕ್ಷ ಮತ್ತು 9 ಲಕ್ಷ ರೂಪಾಯಿ ಇತ್ತು. ಪ್ರತಿ ವರ್ಗದಲ್ಲಿ ರೈಡರ್, ರಕ್ಷಣಾ ಆಟಗಾರ, ಆಲ್‌ರೌಂಡರ್ ಎಂಬ ಉಪವಿಭಾಗಗಳಿವೆ. ತಂಡದಲ್ಲಿ ಕನಿಷ್ಠ 18, ಗರಿಷ್ಠ 25 ಮಂದಿ ಇರಬೇಕಿತ್ತು. ಇದರೊಂದಿಗೆ 'ನ್ಯೂ ಯಂಗ್ ಪ್ಲೇಯರ್' ಎಂಬ ಹೊಸ ಯುವ ಆಟಗಾರರ ಬಾಗಿಲೊಂದು ಪ್ರತ್ಯೇಕವಾಗಿದೆ. ಪತ್ರಿಕೆಗಳ ತಲೆಬರಹಕ್ಕೆ ಬರುವುದು ಎ ವರ್ಗ. ತಂಡಗಳ ಹಣೆಬರಹವನ್ನು ಬರೆಯುವುದು ಬಹುಮಟ್ಟಿಗೆ ಡಿ ವರ್ಗ ಮತ್ತು ಆ ಯುವಕರ ಪಟ್ಟಿ.

ಇದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ ತಲೈವಾಸ್ ತಂಡವೇ. 2017ರಲ್ಲಿ ಲೀಗಿಗೆ ಬಂದ ಈ ತಂಡ ಮೊದಲ ಹಲವು ವರ್ಷ ಪಟ್ಟಿಯ ತಳದಲ್ಲಿಯೇ ಉಳಿಯಿತು. 2022ರ ಆಗಸ್ಟ್ ಹರಾಜಿನಲ್ಲಿ ಅದು ಪವನ್ ಸೆಹ್ರಾವತ್ ಅವರಿಗೆ 2.26 ಕೋಟಿ ರೂಪಾಯಿ ತೆತ್ತಿತು. ಆಗ ತಂಡವೊಂದರ ಒಟ್ಟು ಮಿತಿ 4.4 ಕೋಟಿ. ಅಂದರೆ ಅರ್ಧಕ್ಕಿಂತ ಹೆಚ್ಚು ಹಣ ಒಬ್ಬನೇ ಆಟಗಾರನ ಮೇಲೆ. ಮೊದಲ ಪಂದ್ಯದಲ್ಲಿಯೇ ಪವನ್ ಅವರ ಮೊಣಕಾಲಿಗೆ ಪೆಟ್ಟಾಗಿ ಇಡೀ ಋತುವನ್ನು ಅವರು ಕಳೆದುಕೊಂಡರು. ತಂಡ ಕುಸಿಯಬೇಕಿತ್ತು. ಕುಸಿಯಲಿಲ್ಲ. ಆ ವರ್ಷವೇ ಲೀಗಿಗೆ ಕಾಲಿಟ್ಟಿದ್ದ ನರೇಂದರ್ ಎಂಬ ಯುವಕ 240ಕ್ಕೂ ಹೆಚ್ಚು ರೈಡ್ ಅಂಕಗಳನ್ನು ಗಳಿಸಿ ತಲೈವಾಸ್ ತಂಡವನ್ನು ಮೊದಲ ಬಾರಿಗೆ ಸೆಮಿಫೈನಲಿಗೆ ಒಯ್ದರು. ಕೋಟಿ ಕೊಟ್ಟದ್ದು ಒಬ್ಬರಿಗೆ, ಬಂಡಿ ಎಳೆದವರು ಮತ್ತೊಬ್ಬರು.

ಈ ಅನುಭವದಿಂದ ತಂಡ ಕಲಿಯಿತೇ ಎಂದರೆ, 2024ರ ಲೆಕ್ಕ ಬೇರೆಯನ್ನೇ ಹೇಳುತ್ತದೆ. 2024ರ ಆಗಸ್ಟಿನಲ್ಲಿ ಸಚಿನ್ ತಂವರ್ ಅವರಿಗೆ 2.15 ಕೋಟಿ ನೀಡಲಾಯಿತು. 5 ಕೋಟಿಯಲ್ಲಿ ಶೇಕಡಾ 43 ಭಾಗ ಒಬ್ಬರಿಗೆ ಹೋದರೆ, ಉಳಿದ ಕನಿಷ್ಠ 17 ಮಂದಿಗೆ ಸರಾಸರಿ 17 ಲಕ್ಷಕ್ಕಿಂತ ಕಡಿಮೆ ಉಳಿಯುತ್ತದೆ. ತಂಡ ಒಂಬತ್ತನೆಯ ಸ್ಥಾನದಲ್ಲಿ ನಿಂತಿತು. 2025ರ ಹರಾಜಿಗೆ ಮುನ್ನ ಸಚಿನ್ ಅವರನ್ನು ಬಿಟ್ಟು ನರೇಂದರ್, ಸಾಗರ್ ರಾಠಿ, ನಿತೇಶ್ ಕುಮಾರ್ ಮೊದಲಾದವರನ್ನು ಉಳಿಸಿಕೊಳ್ಳಲಾಯಿತು. ಜೈಪುರ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟ ಸಂಜೀವ್ ಬಲ್ಯಾನ್ ತರಬೇತುದಾರರಾಗಿ ಬಂದರು. ರಕ್ಷಣೆಯ ಎಲುಬುಗೂಡು ಸಿದ್ಧವಿತ್ತು. ನರೇಂದರ್ ಜೊತೆಗೆ ಹೊರೆ ಹಂಚಿಕೊಳ್ಳಬಲ್ಲ ಮತ್ತೊಬ್ಬ ರೈಡರ್ ಈ ತಂಡಕ್ಕೆ ಅತ್ಯವಶ್ಯವಾಗಿದ್ದ. ಹರಾಜಿಗೆ ಬಂದಿದ್ದ ಅರ್ಜುನ್ ದೇಶ್ವಾಲ್, ದೇವಾಂಕ್ ದಲಾಲ್, ನವೀನ್ ಕುಮಾರ್ ಅವರಂಥವರ ಮೇಲೆ ಕಣ್ಣಿಡುವುದು ಸಹಜವಾಗಿತ್ತು. ಎಲ್ಲಿ ಕೈ ನಿಲ್ಲಿಸುತ್ತಾರೆ ಎಂಬುದೇ ಪ್ರಶ್ನೆಯಾಗಿತ್ತು.

ಬುಲ್ಸ್ ಸ್ಥಿತಿ ಇನ್ನೂ ಕಠಿಣವಾಗಿತ್ತು. 2019ರ ಜನವರಿ 5ರಂದು ಗುಜರಾತ್ ತಂಡವನ್ನು 38-33ರಿಂದ ಮಣಿಸಿ ಪ್ರಶಸ್ತಿ ಗೆದ್ದಾಗ ಇದೇ ಪವನ್ ಫೈನಲಿನಲ್ಲಿ 22 ಅಂಕ ಗಳಿಸಿದ್ದರು. 2024ರ ಋತುವಿನಲ್ಲಿ ಅಜಿಂಕ್ಯ ಪವಾರ್ ಅವರಿಗೆ 1.107 ಕೋಟಿ, ಪ್ರದೀಪ್ ನರ್ವಾಲ್ ಅವರಿಗೆ 70 ಲಕ್ಷ ಕೊಟ್ಟ ತಂಡ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಕಡೆಯ ಸ್ಥಾನಕ್ಕಿಳಿಯಿತು. ಅದೇ ಹೊತ್ತಿಗೆ ಪಟ್ನಾ ತಂಡದಲ್ಲಿ, ಹರಾಜಿನ ಕೋಟಿಯ ಪಟ್ಟಿಯಲ್ಲಿ ಹೆಸರೇ ಇರದಿದ್ದ ದೇವಾಂಕ್ 301 ರೈಡ್ ಅಂಕ ಕಲೆಹಾಕಿದರು. ಅವರಿಗೆ ಹೆಗಲಾದ ಅಯಾನ್ ಹೊಸ ಯುವಕರ ಪಟ್ಟಿಯಿಂದ ಬಂದವರು. ಆ ತಂಡ ಫೈನಲ್ ತಲುಪಿತು.

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಪಟ್ನಾವನ್ನು ಫೈನಲಿನಲ್ಲಿ 32-23ರಿಂದ ಸೋಲಿಸಿದ ಹರಿಯಾಣ ಸ್ಟೀಲರ್ಸ್, ಇರಾನಿನ ಶಾದ್ಲೂಯಿ ಅವರಿಗೆ 2.07 ಕೋಟಿ ಕೊಟ್ಟಿತ್ತು. ಆದ್ದರಿಂದ ದುಬಾರಿ ಆಟಗಾರ ಎಂದೂ ವ್ಯರ್ಥ ಎನ್ನಲಾಗದು. ಆದರೆ ಹರಿಯಾಣದಲ್ಲಿ ಅವರ ಸುತ್ತ ಜೈದೀಪ್, ರಾಹುಲ್ ಸೇತ್‌ಪಾಲ್ ಅವರಂತಹ, ಜೊತೆಯಾಗಿ ಆಡಿ ಪಳಗಿದ ರಕ್ಷಣಾ ಪಡೆ ಇತ್ತು. ಪೋಷಿಸಿದ ಯುವಕರ ನಡುವೆ ತಾರೆಯನ್ನು ಕೂರಿಸಿದರೆ ಫಲ ಬರುತ್ತದೆ. ಖಾಲಿ ಅಂಗಳದಲ್ಲಿ ಕೂರಿಸಿದರೆ ಬರುವುದಿಲ್ಲ.

ಈ ಕಲೆಯನ್ನು ಚೆನ್ನಾಗಿ ಬಲ್ಲವರೊಬ್ಬರು 2025ರಲ್ಲಿ ಬುಲ್ಸ್ ತಂಡದ ಹೊಣೆ ಹೊತ್ತರು. ಅರ್ಜುನ ಪ್ರಶಸ್ತಿ ಪುರಸ್ಕೃತ ಕನ್ನಡಿಗ ಬಿ.ಸಿ. ರಮೇಶ್ ಅವರ ತರಬೇತಿಯಲ್ಲಿ ಬೆಂಗಾಲ್ ವಾರಿಯರ್ಸ್ ಏಳನೆಯ ಆವೃತ್ತಿಯನ್ನೂ ಪುಣೇರಿ ಪಲ್ಟನ್ ಹತ್ತನೆಯ ಆವೃತ್ತಿಯನ್ನೂ ಗೆದ್ದವು. ಪುಣೆಯ ತಂಡವಂತೂ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಆಕಾಶ್ ಶಿಂದೆ ಅವರಂತಹ ಎಳೆಯರನ್ನು ವರ್ಷಗಟ್ಟಲೆ ಬೆಳೆಸಿ ಗೆದ್ದ ತಂಡ. ಆ ಹರಾಜಿಗೆ ಮುನ್ನ ಬುಲ್ಸ್ ಹಳೆಯ ದೊಡ್ಡ ಹೆಸರುಗಳನ್ನು ಬಿಟ್ಟು ಕೆಲವೇ ಯುವಕರನ್ನು ಉಳಿಸಿಕೊಂಡಿದ್ದನ್ನು ನೋಡಿದರೆ, ಸಿ ಮತ್ತು ಡಿ ವರ್ಗಗಳಲ್ಲಿ ತಾಳ್ಮೆಯಿಂದ ಆರಿಸುವ ಉದ್ದೇಶವಿತ್ತೆಂದು ನಮಗೆ ತೋರುತ್ತದೆ.

ಇಲ್ಲಿಗೆ ನಮ್ಮ ಹುಡುಗರ ಮಾತು. ಕಾಲೇಜಿನಿಂದ ಲೀಗಿಗೆ ಹಾದಿ ಇದೆಯೇ? ಇದೆ. 2022ರ ವಸಂತದಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಮೊದಲ ಎರಡು ಸ್ಥಾನ ಪಡೆದ ಕಬಡ್ಡಿ ತಂಡಗಳ 24 ಆಟಗಾರರನ್ನೂ ಆ ಆಗಸ್ಟಿನ ಹರಾಜು ಪಟ್ಟಿಗೆ ಸೇರಿಸಲಾಯಿತು. ಆ ಕೂಟಕ್ಕೆ ಹೋಗಬೇಕಾದರೆ ಮೊದಲು ಅಂತರ ಕಾಲೇಜು ಪಂದ್ಯಗಳಲ್ಲಿ ಎದ್ದು ಕಾಣಬೇಕು, ಬಳಿಕ ಭಾರತಿಯಾರ್ ವಿಶ್ವವಿದ್ಯಾಲಯದಂತಹ ತಮ್ಮ ವಿಶ್ವವಿದ್ಯಾಲಯದ ತಂಡದಲ್ಲಿ ಸ್ಥಾನ ಪಡೆಯಬೇಕು, ದಕ್ಷಿಣ ವಲಯದಲ್ಲಿ ಗೆಲ್ಲಬೇಕು, ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಮುಂದೆ ಬರಬೇಕು. 23 ವರ್ಷದೊಳಗಿನವರಿಗಾಗಿ 2022ರಲ್ಲಿ ಆರಂಭವಾದ ಯುವ ಕಬಡ್ಡಿ ಸರಣಿ ಮತ್ತೊಂದು ಮೆಟ್ಟಿಲು. ಪಳನಿ, ನೀಲಗಿರಿ ಎಂಬ ನಮ್ಮ ನೆರೆಯ ಬೆಟ್ಟಗಳ ಹೆಸರಿನ ತಂಡಗಳೂ ಅಲ್ಲಿ ಆಡಿವೆ.

ಈ ಮೆಟ್ಟಿಲುಗಳಲ್ಲೆಲ್ಲೂ ಭಾಷೆಯ ಪ್ರಮಾಣಪತ್ರ ಕೇಳುವುದಿಲ್ಲ. ಮನೆಯಲ್ಲಿ ಕನ್ನಡ ಆಡುವ ಅನ್ನೂರಿನ ಹುಡುಗ ತಮಿಳುನಾಡಿನ ಆಟಗಾರನೇ. ಹರಾಜಿನಲ್ಲಿ ಅವನನ್ನು ಚೆನ್ನೈ ಕೂಗಬಹುದು, ಬೆಂಗಳೂರು ಕೂಗಬಹುದು, ಪಟ್ನಾವೂ ಕೂಗಬಹುದು. ಗಡಿನಾಡಿನಿಂದ ಹೊರಟವರು ದೂರ ಹೋಗಿರುವುದಕ್ಕೆ ಉದಾಹರಣೆಯೂ ಇದೆ. ಕಾಸರಗೋಡಿನ ಜಗದೀಶ್ ಕುಂಬ್ಳೆ ಎಂಟನೆಯ ಆವೃತ್ತಿಯಲ್ಲಿ ತೆಲುಗು ಟೈಟನ್ಸ್ ತಂಡದ ತರಬೇತುದಾರರಾಗಿದ್ದರು.

ಹಾಗಾದರೆ ಆಯ್ಕೆಗಾರರು ಎಳೆಯ ಆಟಗಾರನಲ್ಲಿ ಏನನ್ನು ಹುಡುಕುತ್ತಾರೆ? ಊರಹಬ್ಬದ ರಾತ್ರಿ ಪಂದ್ಯಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಗುಣಗಳೇ ಅಲ್ಲಿಯೂ ಸಾಕಾಗುವುದಿಲ್ಲ. ಎದುರು ಅಂಗಳದಲ್ಲಿ ಆರು ಅಥವಾ ಏಳು ಮಂದಿ ಇರುವಾಗ ಬೋನಸ್ ಗೆರೆ ದಾಟಿ ಸುರಕ್ಷಿತವಾಗಿ ಮರಳುವ ಜಾಣ್ಮೆ ರೈಡರ್‌ಗೆ ಬೇಕು. ಸತತ ಎರಡು ರೈಡ್ ಖಾಲಿ ಹೋದ ಮೇಲೆ ಬರುವ ಮೂರನೆಯ 'ಮಾಡು ಇಲ್ಲವೇ ಮಡಿ' ರೈಡಿನಲ್ಲಿ 30 ಸೆಕೆಂಡುಗಳೊಳಗೆ ಅಂಕ ತರಲೇಬೇಕು. ರಕ್ಷಣೆಯಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಾಗ ರೈಡರ್‌ನನ್ನು ಹಿಡಿದರೆ ಎರಡು ಅಂಕ. ಇದಕ್ಕೆ ಮೈಬಲದಷ್ಟೇ ಜೊತೆಗಾರನೊಂದಿಗಿನ ತಾಳಮೇಳ ಮುಖ್ಯ. ಒಳ್ಳೆಯ ಕಾರ್ನರ್ ಆಟಗಾರ ದುಡುಕುವುದಿಲ್ಲ, ಪಾದ ಬರುವವರೆಗೆ ಕಾಯುತ್ತಾನೆ. ಕೊಂಗುನಾಡಿನ ಹುಡುಗರಿಗೆ ಹಿಡಿತದ ಬಲ ಹೊಸದಲ್ಲ. ಸಡುಗುಡು ಎಂದರೂ ಹುತುತು ಎಂದರೂ ಈ ಆಟ ನಮ್ಮ ಮಣ್ಣಿನದೇ. ಕೊರತೆ ಇರುವುದು ಮ್ಯಾಟಿನ ಅಭ್ಯಾಸದಲ್ಲಿ. ಬರಿಗಾಲಿನಲ್ಲಿ ಮಣ್ಣಿನ ಮೇಲೆ ಜಾರಿ ತಿರುಗುವುದಕ್ಕೂ ಬೂಟು ಧರಿಸಿ ಮ್ಯಾಟಿನ ಮೇಲೆ ತಿರುಗುವುದಕ್ಕೂ ಬಹಳ ವ್ಯತ್ಯಾಸವಿದೆ. ಅಭ್ಯಾಸವಿಲ್ಲದೆ ನೇರವಾಗಿ ಆಯ್ಕೆ ಶಿಬಿರಕ್ಕೆ ಹೋದವನ ವೇಗವೂ ತಗ್ಗುತ್ತದೆ, ಮೊಣಕಾಲಿಗೂ ಅಪಾಯ.

ಎರಡನೆಯ ಕೊರತೆ ಹೊಟ್ಟೆಪಾಡಿನದು. ಹನ್ನೆರಡನೆಯ ತರಗತಿ ಮುಗಿದೊಡನೆ ತಿರುಪ್ಪೂರಿನ ಬನಿಯನ್ ಕಂಪನಿ ವಾರದ ಸಂಬಳವನ್ನು ಕೈಗೆ ಕೊಡುತ್ತದೆ. ಕಾಲೇಜು ಮೂರು ವರ್ಷ ಕಾಯಿಸುತ್ತದೆ. ಬಡಮನೆಯ ತಂದೆತಾಯಿಯರು ಮೊದಲನೆಯದನ್ನು ಆರಿಸಿದರೆ ಅವರನ್ನು ದೂರುವಂತಿಲ್ಲ. ಆದರೆ ಕಾಲೇಜು ಬಿಟ್ಟೊಡನೆ ಮೇಲೆ ಹೇಳಿದ ಮೆಟ್ಟಿಲುಗಳಲ್ಲಿ ಹೆಚ್ಚಿನವು ಹುಡುಗನ ಕಾಲಕೆಳಗಿನಿಂದ ಸರಿದುಹೋಗುತ್ತವೆ ಎಂಬುದನ್ನು ಅವರಿಗೆ ಯಾರಾದರೂ ತಿಳಿಸಬೇಕಲ್ಲವೇ? ಹಾಗೆಯೇ ಲೀಗಿನ ಕನಸಿಗಾಗಿ ಪದವಿಯನ್ನು ಕೈಬಿಡುವುದೂ ತಪ್ಪು. 2024ರ ಋತು ಅಕ್ಟೋಬರ್ 18ರಿಂದ ಡಿಸೆಂಬರ್ 29ರವರೆಗೆ ನಡೆಯಿತು. ಅದು ಸೆಮಿಸ್ಟರ್ ಪರೀಕ್ಷೆಗಳ ಕಾಲ. ಆಯ್ಕೆಯಾದ ವಿದ್ಯಾರ್ಥಿಗೆ ಮರುಪರೀಕ್ಷೆಯ ಅವಕಾಶ ಸಿಗುವಂತೆ ಕಾಲೇಜಿನೊಡನೆ ಮೊದಲೇ ಮಾತಾಡಿಕೊಳ್ಳುವುದು ಹಿರಿಯರ ಕೆಲಸ. ಐನೂರಕ್ಕೂ ಮಿಕ್ಕಿದ ಪಟ್ಟಿಯಿಂದ 2024ರ ಹರಾಜಿನಲ್ಲಿ ಮಾರಾಟವಾದವರು 118 ಮಂದಿ, ಕೋಟಿ ದಾಟಿದವರು ಎಂಟೇ ಮಂದಿ. ಉಳಿದವರ ಬದುಕನ್ನು ಹಿಡಿದು ನಿಲ್ಲಿಸುವುದು ಪದವಿ ಮತ್ತು ಅದರ ಬೆನ್ನಿಗೆ ಬರುವ ಕ್ರೀಡಾ ಮೀಸಲಾತಿಯ ಉದ್ಯೋಗ. ತಮಿಳುನಾಡು ಸರಕಾರಿ ಹುದ್ದೆಗಳಲ್ಲಿ ಕ್ರೀಡಾಪಟುಗಳಿಗೆ ಶೇಕಡಾ 3ರ ಮೀಸಲಾತಿ ಇದೆ. ರೈಲ್ವೆ, ಸೇನೆ, ಪೊಲೀಸ್ ತಂಡಗಳೂ ಆಟಗಾರರಿಗೆ ಅನ್ನ ನೀಡುತ್ತಿವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಹೇಳಲು ಸಂತೋಷವಾಗುವುದಿಲ್ಲ. ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಮಹಿಳಾ ತಂಡ ಮೂರು ಬಾರಿ ಚಿನ್ನ ಗೆದ್ದಿದೆ. ಕರ್ನಾಟಕದ ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಅವರ ಹೆಸರು ನಾಡಿಗೆಲ್ಲ ತಿಳಿದಿದೆ. ಆದರೆ 2016ರಲ್ಲಿ ಮೂರು ತಂಡಗಳೊಂದಿಗೆ ಪ್ರೊ ಕಬಡ್ಡಿಯ ಜೊತೆಗೆ ನಡೆದ ಮಹಿಳಾ ಸ್ಪರ್ಧೆ ಆ ಒಂದೇ ವರ್ಷಕ್ಕೆ ನಿಂತಿತು. ಮುಂಬಯಿಯ ಹರಾಜು ಸಭಾಂಗಣದಲ್ಲಿ ನಮ್ಮ ಮಗಳ ಹೆಸರನ್ನು ಕೂಗುವವರಿರಲಿಲ್ಲ. ಅವಳಿಗೆ ಮುಖ್ಯವಾಗಿ ಇರುವುದು ವಿಶ್ವವಿದ್ಯಾಲಯದ ತಂಡ ಮತ್ತು ಉದ್ಯೋಗ ಮೀಸಲಾತಿಯ ಹಾದಿ. ಆದುದರಿಂದ ಕಾಲೇಜು ಅವಳಿಗೆ ಇನ್ನೂ ಹೆಚ್ಚು ಮುಖ್ಯ.

ನಮ್ಮ ಸಮುದಾಯದ ಸಂಘಗಳು ಹಬ್ಬದ ಕಬಡ್ಡಿಗೆ ನಗದು ಬಹುಮಾನ, ಬೆಳಕು, ಧ್ವನಿವರ್ಧಕಗಳಿಗಾಗಿ ಪ್ರತಿವರ್ಷ ವೆಚ್ಚ ಮಾಡುತ್ತವೆ. ಒಂದೆರಡು ವರ್ಷ ಆ ಹಣದ ಒಂದು ಪಾಲನ್ನು ಕೂಡಿಟ್ಟರೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಗಳಕ್ಕೆ ಮ್ಯಾಟ್ ಹಾಸುವುದು ಅಸಾಧ್ಯವೇನಲ್ಲ. ಅನ್ನೂರಿನಲ್ಲಿ ಅಂತಹ ಒಂದು ಅಂಗಳವಿದ್ದರೆ ಸುತ್ತಲಿನ ಹತ್ತಾರು ಗ್ರಾಮಗಳ ಮಕ್ಕಳು, ಯಾವ ಮಾತಿನವರೇ ಆಗಲಿ, ಸಂಜೆ ಅಲ್ಲಿ ಆಡಬಹುದು.

ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಹರಾಜಿನಲ್ಲಿ ಕೋಟಿಯ ಕೂಗು ಮುಗಿದ ಮೇಲೆ ಟಿವಿ ಆರಿಸಬೇಡಿ. ಡಿ ವರ್ಗದ ಹೆಸರುಗಳು ಬರುವಾಗ ಮನೆಯ ಹುಡುಗರನ್ನೂ ಕರೆದು ಕೂರಿಸಿಕೊಳ್ಳಿ. ಯಾರನ್ನು ಮೂಲಬೆಲೆಗೆ ಕೊಂಡರು, ಅವನು ರೈಡರ್ ಆಗಿದ್ದನೇ, ಕಾರ್ನರ್ ಆಗಿದ್ದನೇ, ಅದಕ್ಕೆ ಮುನ್ನ ಎಲ್ಲಿ ಆಡಿದ್ದ ಎಂಬುದನ್ನು ಗುರುತು ಹಾಕಿಕೊಳ್ಳಿ. ಮುಂದಿನ ವರ್ಷ ಅಂತರ ಕಾಲೇಜು ಪಂದ್ಯಕ್ಕೆ ಹೆಸರು ಕೊಡುವಾಗ ಆ ಗುರುತುಗಳು ಉಪಯೋಗಕ್ಕೆ ಬರುತ್ತವೆ.