ಜಾತಕ ಆಯ್ತು, ಲೋನ್ ಕಥೆ ಏನು?

ದೀಪಾವಳಿ ರಜೆಗೆ ಊರಿಗೆ ಹೋದಾಗ ದೊಡ್ಡಪ್ಪನ ಮಗಳ ಮದುವೆ ಮಾತುಕತೆ ನಡೀತಿತ್ತು. ಜಾತಕ, ಛತ್ರ, ಊಟಕ್ಕೆ ಎಷ್ಟು ಎಲೆ, ಎಲ್ಲಾ ಎರಡು ಗಂಟೆ ಚರ್ಚೆ ಆಯ್ತು. ಅಕ್ಕನ ಎಜುಕೇಶನ್ ಲೋನ್ ಇನ್ನೂ ಮುಗಿದಿಲ್ಲ ಅನ್ನೋದನ್ನ ಮಾತ್ರ ಯಾರೂ ಎತ್ತಲಿಲ್ಲ. ನಾನು ಬಾಯಿ ತೆಗೆಯೋಕೆ ಹೋದ್ರೆ ಅಮ್ಮ ಕಣ್ಣಲ್ಲೇ ಸುಮ್ಮನಾಗಿಸಿದ್ರು. ಆಮೇಲೆ ಅಡುಗೆಮನೆಯಲ್ಲಿ, "ಅದೆಲ್ಲ ಈಗ್ಯಾಕೆ, ಮದುವೆ ಆದ್ಮೇಲೆ ಹೊಂದ್ಕೋತಾರೆ ಬಿಡು" ಅಂದ್ರು.

ನನಗೆ ಇದು ಸರಿ ಅನ್ನಿಸಲಿಲ್ಲ. ದುಡ್ಡಿನ ಮಾತು ಮದುವೆಗೆ ಮುಂಚೆ, ಹುಡುಗ ಹುಡುಗಿ ಇಬ್ಬರೇ ಕೂತು ಆಡಬೇಕು.

ಮೊದಲು ಸಾಲ. ನಮ್ಮಲ್ಲೇ ಎಷ್ಟೋ ಜನ ಲೋನ್ ಮೇಲೆ ಓದ್ತಿದೀವಿ. ಅಪ್ಪನೋ ಅಮ್ಮನೋ ಅದಕ್ಕೆ ಜೊತೆಗೆ ಸೈನ್ ಹಾಕಿರ್ತಾರೆ. ಮದುವೆ ಆಯ್ತು ಅಂತ ಆ ಸಾಲ ಗಂಡನ ಅಥವಾ ಹೆಂಡತಿಯ ತಲೆಗೆ ಬರೋದಿಲ್ಲ. ಕಂತು ನಿಂತರೆ ಬ್ಯಾಂಕಿನವರು ಫೋನ್ ಮಾಡೋದು ಊರಲ್ಲಿರೋ ಅಪ್ಪನಿಗೆ. "ನನ್ನ ಸಂಬಳದಲ್ಲಿ ಇಷ್ಟು ಲೋನಿಗೆ ಹೋಗುತ್ತೆ, ಇಷ್ಟು ಮನೆಗೆ ಕಳಿಸ್ತೀನಿ" ಅಂತ ಮೊದಲೇ ಹೇಳಿದ್ರೆ ಆಮೇಲೆ ಕದ್ದು ಕಳಿಸೋ ಪರಿಸ್ಥಿತಿ ಬರಲ್ಲ.

ಎರಡನೇದು ಮನೆ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಕಾನೂನು ಇನ್ನೂ ಇದೆ. ಮದುವೆಗೆ ಮುಂಚೆ ಬೇರೆ ಕರಾರು ಮಾಡ್ಕೊಳ್ಳದಿದ್ರೆ ಅಲ್ಲಿ ಗಂಡ ಹೆಂಡತಿ ಆಸ್ತಿ ಸಾಮಾನ್ಯವಾಗಿ ಇಬ್ಬರದೂ. ಕರ್ನಾಟಕದಲ್ಲಿ ಹಾಗಿಲ್ಲ. ಹೋಮ್ ಲೋನಿಗೆ ಇಬ್ಬರೂ ಸೈನ್ ಹಾಕಿ, ಕ್ರಯಪತ್ರದಲ್ಲಿ ಒಬ್ಬರದೇ ಹೆಸರಿದ್ರೆ, ಇನ್ನೊಬ್ಬರಿಗೆ ಕಾಗದದ ಮೇಲೆ ಸಾಲ ಇದೆ, ಮನೆ ಇಲ್ಲ. ಇಬ್ಬರೂ ದುಡಿಯೋ ನಮ್ಮ ಕಾಲಕ್ಕೆ ಇದು ಸಣ್ಣ ವಿಷಯ ಅಲ್ಲ.

ಮೂರನೇದು ಒಡವೆ. ಹುಡುಗಿಗೆ ಕೊಟ್ಟಿದ್ದು ಸ್ತ್ರೀಧನ, ಅದು ಅವಳದೇ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಅತ್ತೆಯ ಬೀರುವಿನಲ್ಲಿ ಇದ್ದರೂ ಅವಳದೇ. ಮದುವೆ ಉಡುಗೊರೆಗಳನ್ನ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಬೇಕು ಅಂತ ಅದೇ ವರ್ಷ ಕೇಂದ್ರ ಸರ್ಕಾರದ ನಿಯಮವೂ ಬಂದಿದೆ. ಆ ಪಟ್ಟಿ ನಮ್ಮ ಕಡೆ ಮದುವೆಗಳಲ್ಲಿ ನಾನಂತೂ ನೋಡಿಲ್ಲ. ಮುಯ್ಯಿ ಬರೆಯೋ ಪುಸ್ತಕ ಮಾತ್ರ ತಪ್ಪದೇ ಇರುತ್ತೆ! ಇನ್ನು ವರದಕ್ಷಿಣೆ: 1961ರ ಕಾಯ್ದೆ ಪ್ರಕಾರ ತಗೊಳ್ಳೋದೂ ಅಪರಾಧ, ಕೊಡೋದೂ ಅಪರಾಧ. "ಅವರೇ ಖುಷಿಯಿಂದ ಕಾರ್ ಕೊಟ್ರು" ಅನ್ನೋ ನಮ್ಮ ಹುಡುಗರು ಇದನ್ನ ಇನ್ನೊಂದ್ಸಲ ಓದಿ.

"ಇಷ್ಟೆಲ್ಲ ಲೆಕ್ಕ ಹಾಕಿದ್ರೆ ಪ್ರೀತಿ ಎಲ್ಲಿರುತ್ತೆ?" ಅಂತ ನನ್ನ ರೂಮ್‌ಮೇಟ್ ಕೇಳ್ದ. ಪ್ರಶ್ನೆ ಸರಿನೇ. ಮದುವೆ ಮಾತುಕತೆ ಇಂಟರ್ವ್ಯೂ ಥರ ಆಗೋದು ನನಗೂ ಇಷ್ಟ ಇಲ್ಲ. ಆದ್ರೆ ಟ್ರಿಪ್‌ಗೆ ಹೋಗುವಾಗ ನಾವು ನಾಲ್ಕು ಜನ ಫ್ರೆಂಡ್ಸ್ ಪೆಟ್ರೋಲ್ ಖರ್ಚು ಮೊದಲೇ ಮಾತಾಡ್ತೀವಿ, ಅದರಿಂದ ಸ್ನೇಹ ಕೆಟ್ಟಿದ್ದು ನಾನು ನೋಡಿಲ್ಲ. ಮಾತಾಡದೇ ಹೋಗಿ ಬಂದು ಜಗಳ ಆಡಿದ್ದು ನೋಡಿದೀನಿ.

ಕೊನೆಗೆ ಅಕ್ಕನೇ ಫೋನಲ್ಲಿ ಹುಡುಗನಿಗೆ ಲೋನ್ ವಿಷಯ ಹೇಳಿದ್ಲಂತೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ತಂಗಿ ಮದುವೆಗೆ ಮಾಡಿದ್ದ ತಮ್ಮ ಸಾಲದ ಕಥೆ ಹೇಳಿದ್ರಂತೆ. ಅದು ಅವರ ಕಡೆಯಿಂದ ಯಾರೂ ನಮಗೆ ಹೇಳಿರಲಿಲ್ಲ!